ನೀಲವ್ವ ಚಿಗವ್ವನ ವೋಟು

ಚುನಾವಣೆಯ ದಿನ ನಮ್ಮ ನೀಲವ್ವ ಚಿಗವ್ವ ಒಂದು ಬೆರಳನ್ನು ಹೊರಗಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಮತಗಟ್ಟೆಯಲ್ಲಿ ಹಚ್ಚಿದ ಮಸಿ ಆರಿ ಎಷ್ಟೋ ಹೊತ್ತಾಗಿರುತ್ತಿತ್ತು. ಆದರೂ ಎಡಗೈಯ ತೋರುಬೆರಳನ್ನು ಹಿಟ್ಟಿಗೆ ತಾಗದಂತೆ ಮೇಲಕ್ಕೆತ್ತಿಕೊಂಡು, ಉಳಿದ ಬೆರಳುಗಳಲ್ಲೇ ಟಪಟಪ ಬಡಿಯುತ್ತಿದ್ದಳು. ಅಂದಿನ ರೊಟ್ಟಿಗಳೆಲ್ಲ ಒಂದು ಕಡೆಗೆ ಸೊಟ್ಟ. ಕಾಕಾ ತಾಟಿಗೆ ಬಿದ್ದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನು ರೊಟ್ಟಿನೋ, ಗೋವಾದ ನಕಾಶೆನೋ?" ಎಂದು ಕೇಳುತ್ತಿದ್ದ.

"ಇವತ್ತೊಂದಿನ ಸುಮ್ಮನ ಉಣ್ರಿ. ದಿನಾ ಏನ್ ಇಲೆಕ್ಷನ್ ಇರ್ತೈತೇನು?" ಎಂದು ಅವಳು ಇನ್ನೊಂದು ಸೊಟ್ಟ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಳು.

ನೀಲವ್ವ ನನ್ನ ಕಾಕಾನ ಹೆಂಡತಿ. ಖಾನಾಪುರದಲ್ಲಿ ಕಾಕಾನಿಗೆ ಮನೆಗೆ ಹೊದಿಸುವ ಹಂಚಿನ ಡಿಪೋ ಇತ್ತು. ಅದರ ಬೆನ್ನಿಗೇ ಮನೆ. ಹೈಸ್ಕೂಲಿಗೆಂದು ನನ್ನನ್ನು ಪಾರಿಶ್ವಾಡದಿಂದ ತಂದು ಆ ಮನೆಯಲ್ಲಿ ಬಿಟ್ಟಿದ್ದರು. ಅವರ ಒಬ್ಬಳೇ ಮಗಳು ಮದುವೆಯಾಗಿ ಗೋಕಾಕಕ್ಕೆ ಹೋದ ಮೇಲೆ ಆ ಮನೆಯ ಪ್ರೀತಿ, ಬೈಗುಳ ಎರಡೂ ನನ್ನೊಬ್ಬನ ಪಾಲಾದವು. ಬೈಗುಳದ ಪಾಲು ಸ್ವಲ್ಪ ದೊಡ್ಡದೇ ಇತ್ತು. ಚಿಗವ್ವ ಕುಳ್ಳಗೆ, ದುಂಡಗೆ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಅಂಗಳದಲ್ಲಿ ನಿಂತಳೆಂದರೆ ಬಾಜು ಮನೆಯವರೊಡನೆ ಮರಾಠಿ, ಒಳಗೆ ಬಂದಳೆಂದರೆ ಕನ್ನಡ. ಜಗಳ ಮಾತ್ರ ಎರಡರಲ್ಲೂ ಅಷ್ಟೇ ಸಲೀಸು.

ಮತ ಹಾಕುವ ದಿನ ಬೆಳಗಾಗುವುದರೊಳಗೆ ಸ್ನಾನ, ಲಿಂಗಪೂಜೆ ಮುಗಿಸಿ, ಮದುವೆ ಮುಂಜಿಗೆಂದು ಟ್ರಂಕಿನಲ್ಲಿ ಇಟ್ಟಿದ್ದ ಇಳಕಲ್ ಸೀರೆ ಉಟ್ಟುಕೊಂಡು ಹೊರಡುತ್ತಿದ್ದಳು. ಬಾಗಿಲಿಗೆ ಪಕ್ಷದವರ ಜೀಪು ಬಂದು ನಿಲ್ಲುತ್ತಿತ್ತು. ಕಾಕಾ ಆಗಲೇ ಅದರ ಮುಂದಿನ ಸೀಟಿನಲ್ಲಿ ಕುಳಿತಿರುತ್ತಿದ್ದ. ಚಿಗವ್ವ ಜೀಪಿನ ಬಾಜು ಹಾದು ನಡೆದುಬಿಡುತ್ತಿದ್ದಳು. "ಅವ್ವಾರ, ಹತ್ರಿ, ಬಿಸಿಲಾಗತೈತಿ," ಎಂದು ಹುಡುಗರು ಕೂಗಿದರೆ, "ನಿಮ್ಮ ಗಾಡ್ಯಾಗ ಹೋದ್ರ ನಾ ನಿಮ್ಮ ಸಾಮಾನಾಗ್ತೀನಪಾ. ನನಗ ಕಾಲದಾವು," ಎನ್ನುತ್ತಿದ್ದಳು. ಹೀಗಾಗಿ ಮರಾಠಿ ಶಾಲೆಯ ಮತಗಟ್ಟೆಗೆ ಗಂಡ ಮೊದಲು ಮುಟ್ಟಿ, ಹೆಂಡತಿ ಬರುವವರೆಗೂ ಬಾಗಿಲಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿರುತ್ತಿದ್ದ.

ಯಾರಿಗೆ ಹಾಕಿದೆ ಎಂದು ಅವಳು ಹೇಳಿದ್ದನ್ನು ಯಾರೂ ಕೇಳಿಲ್ಲ. ನೆರೆಯವರು ಉಪಾಯದಿಂದ ಕೇಳುತ್ತಿದ್ದರು, ಕಾಕಾ ನೇರವಾಗಿ ಕೇಳುತ್ತಿದ್ದ. ಎಲ್ಲರಿಗೂ ಒಂದೇ ಉತ್ತರ: "ಪೆಟಿಗ್ಯಾಗ ಹಾಕೀನಿ." ಕಾಕಾನಿಗೆ ಇದು ದೊಡ್ಡ ತ್ರಾಸು. ಯಾಕೆಂದರೆ ಯಾರು ಬಂದು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರೂ, "ನಮ್ಮ ಮನಿ ವೋಟು ಪೂರಾ ನಿಮಗ ನೋಡ್ರಿ," ಎಂದು ಭಾಷೆ ಕೊಡುವುದು ಅವನ ಚಟ. ಒಂದೇ ಚುನಾವಣೆಯಲ್ಲಿ ಮೂವರಿಗೂ ಹಾಗೆ ಕೊಟ್ಟಿದ್ದುಂಟು. ಮನೆಯ ಯಜಮಾನ ಹೇಳಿದ ಮೇಲೆ ಮುಗಿಯಿತು ಎಂದು ಅವರೂ ನಂಬುತ್ತಿದ್ದರು, ಅವನೂ ನಂಬುತ್ತಿದ್ದ.

ಈಗ ನನ್ನ ವಿಷಯ. ಎಪ್ಪತ್ತರ ದಶಕದ ಕೊನೆಗೆ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಲೆಕ್ಚರರ್ ಆದೆ. ಹಿಂದವಾಡಿಯಲ್ಲಿ ಬಾಡಿಗೆ ಖೋಲಿ, ಸಂಜೆ ಚಹಾದಂಗಡಿಯಲ್ಲಿ ಗೆಳೆಯರ ಗುಂಪು, ಬಾಯಲ್ಲಿ ಪ್ರಜಾಪ್ರಭುತ್ವ. ಬೆಳಿಗ್ಗೆ ಹುಡುಗರಿಗೆ ಮತದಾನದ ಮಹತ್ವ ಎಂದು ಐದು ಅಂಶಗಳನ್ನು ಬರೆಸುತ್ತಿದ್ದೆ, ಸಂಜೆ ಆ ಐದನ್ನೂ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದೆ. ಎಲ್ಲರೂ ಕಳ್ಳರು, ಯಾರು ಬಂದರೂ ಅಷ್ಟೇ, ಮತ ಹಾಕುವುದೆಂದರೆ ಯಾವ ಕಳ್ಳ ನಮ್ಮ ಮನೆಗೆ ಬರಬೇಕೆಂದು ನಾವೇ ಆರಿಸುವುದು: ಇದು ನನ್ನ ಸಿದ್ಧಾಂತ. ಬಹಳ ಆಳವಾದದ್ದೆಂದು ನನಗೆ ಅನಿಸುತ್ತಿತ್ತು. ಚಹಾದಂಗಡಿಯಲ್ಲಿ ಒಬ್ಬರೂ ಎದುರಾಡದೆ ಇದ್ದದ್ದಕ್ಕೆ, ಎಷ್ಟೋ ಸಲ ಚಹಾ ನನ್ನ ಲೆಕ್ಕದಲ್ಲಿ ಇರುತ್ತಿದ್ದದ್ದೇ ಕಾರಣವೆಂದು ಆಗ ಹೊಳೆಯಲಿಲ್ಲ. ಮತವನ್ನು ನಾನು ಒಮ್ಮೆಯೂ ಹಾಕಿರಲಿಲ್ಲ. ಹೆಸರು ಖಾನಾಪುರದ ಪಟ್ಟಿಯಲ್ಲೇ ಉಳಿದಿತ್ತು. ಚುನಾವಣೆಯ ರಜೆಗೆ ಅಲ್ಲಿಗೆ ಹೋಗುತ್ತಿದ್ದೆ, ಸೊಟ್ಟ ರೊಟ್ಟಿ ತಿಂದು ಮಲಗುತ್ತಿದ್ದೆ.

ಅಂಥ ಒಂದು ರಜೆಯಲ್ಲಿ ಚಿಗವ್ವನಿಗೂ ನನ್ನ ಸಿದ್ಧಾಂತ ಹೇಳಿದೆ. ಖಾನಾಪುರದವಳಿಗೆ ತಿಳಿಯುವ ಹಾಗೆ ಹೇಳೋಣವೆಂದು, "ಚಿಗವ್ವ, ಎಲ್ಲಾ ಒಂದ ಮಣ್ಣಿನ ಹಂಚು. ಯಾವುದು ಹೊದಿಸಿದ್ರೇನು?" ಎಂದೆ.

ಅವಳು ಕಸಬರಿಗೆ ನಿಲ್ಲಿಸಿ ನನ್ನನ್ನು ನೋಡಿದಳು. "ನಿಮ್ಮ ಕಾಕಾನ ಡಿಪೋದಾಗ ಇರೂವೆಲ್ಲಾ ಒಂದ ಮಣ್ಣಿನವ. ಆದ್ರ ಜನ ಒಂದೊಂದ ಹಂಚು ಬಡದು, ಕಿವಿಗೆ ಹಿಡದು, ಟಣ್ ಅಂತೇತೋ ಇಲ್ಲೋ ಕೇಳಿ ಒಯ್ತಾರ. ಅವ್ರೆಲ್ಲಾ ಹುಚ್ಚರೇನು?"

ಅವಳು ಅಭ್ಯರ್ಥಿಗಳನ್ನೂ ಹಾಗೆಯೇ ಬಡಿದು ನೋಡುತ್ತಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು. ಆ ಮನೆಯ ಅಡುಗೆಮನೆಯ ಮೇಲೆ ಮಂಗಗಳು ಸರಿಸಿ ಹೋದ ಒಂದು ಹಂಚು ಯಾವಾಗಲೂ ಇರುತ್ತಿತ್ತು. ಹಂಚಿನ ವ್ಯಾಪಾರಿಯ ಮನೆಯೇ ಸೋರುತ್ತದೆಂದು ಊರು ನಗುತ್ತಿತ್ತು. ಕಾಕಾ ಸರಿಪಡಿಸಲು ಹೋದರೆ, "ಇಲೆಕ್ಷನ್ ಬಂದೈತಿ, ಅದು ಮುಗೀಲಿ. ಅದನ್ನ ಮುಟ್ಟಬ್ಯಾಡ್ರಿ," ಎಂದು ತಡೆಯುತ್ತಿದ್ದಳು. ಯಾರಾದರೂ ಮತ ಕೇಳಿಕೊಂಡು ಬಂದರೆ, ಕುಂದರ್ರಿ ಎಂದು ನೀರು ಕೊಟ್ಟು, ಮೆಲ್ಲಗೆ, "ಮ್ಯಾಲ ಒಂದು ಹಂಚು ಸರದೈತ್ರಿ. ನೀವ ಸ್ವಲ್ಪ ಹತ್ತಿ ಸರಿ ಮಾಡ್ತೀರೇನ್ರಿ?" ಎಂದು ಕೇಳುತ್ತಿದ್ದಳು. ಮತ ಬೇಡುವ ಮನುಷ್ಯ ಏನನ್ನೂ ಇಲ್ಲ ಅನ್ನುವುದಿಲ್ಲವಲ್ಲ. ರಸ್ತೆ ಕಂತ್ರಾಟು ಹಿಡಿಯುತ್ತಿದ್ದ ಒಬ್ಬ ದಪ್ಪ ಮನುಷ್ಯ, "ಕಾಕೂ, ಲಕ್ಷ ಅಸೂ ದ್ಯಾ," ಎಂದು ಮರಾಠಿಯಲ್ಲಿ ಕೈಮುಗಿದು, ತನ್ನ ಮೇಲೆ ಗಮನವಿರಲಿ ಎಂದು ಬೇಡಿಕೊಂಡು, ಬಿಳಿ ಧೋತರ ಎತ್ತಿಕಟ್ಟಿ ನಿಚ್ಚಣಿಕೆ ಹತ್ತಿದ್ದ. ಸರಿದ ಒಂದು ಹಂಚಿನ ಬಾಜು ಇನ್ನಷ್ಟು ಹಂಚು ಒಡೆದು, "ಪಕ್ಕಾ ಮಾಡೀನ್ರಿ," ಎಂದು ಇಳಿದು ಹೋದ.

ಕಟ್ಟಿಗೆ ಅಡ್ಡೆಯ ಹುಸೇನಸಾಬ ಮಾತ್ರ ಮೇಲೆ ನೋಡಿ ಕೈಬಿಟ್ಟಿದ್ದ. "ಅವ್ವಾ, ಸುಳ್ಳ ಯಾಕ ಹೇಳ್ಲಿ, ನನಗ ಎತ್ತರ ಅಂದ್ರ ತಲಿ ತಿರಗತೈತಿ. ನಾಳಿಗೆ ಹಂಚಿನ ಕೆಲಸದಾಂವನ್ನ ಕಳಸ್ತೀನಿ," ಎಂದಿದ್ದ. ಮರುದಿನ ಕಳಿಸಿಯೂ ಇದ್ದ. ಚಿಗವ್ವ ಆ ಕೆಲಸದವನಿಗೆ ಹೊಟ್ಟೆ ತುಂಬ ಉಣ್ಣಿಸಿ, ಹಂಚು ಮುಟ್ಟಲು ಬಿಡದೆ ವಾಪಸು ಕಳಿಸಿದಳು. ಇನ್ನೂ ಅಭ್ಯರ್ಥಿಗಳು ಬರುವವರಿದ್ದರು.

"ಹಂಚು ಹತ್ತಾಕ ಬರ್ತೈತೋ ಇಲ್ಲೋ ಅಂತ ನೋಡ್ತೀಯೇನು?" ಎಂದು ನಾನು ಕೇಳಿದೆ.

"ಹತ್ತಾಕ ನಿಮ್ಮ ಕಾಕಾ ಇಲ್ಲೇನು? ಬರಂಗಿಲ್ಲ ಅಂತ ಬಾಯಿಬಿಟ್ಟು ಹೇಳಾಕ ಬರ್ತೈತೇನು ನೋಡ್ತೀನಿ."

"ಹಂಗಾದ್ರ ಹುಸೇನಸಾಬಗ ಹಾಕ್ತೀ ಹೌದಲ್ಲೋ?"

"ಪೆಟಿಗ್ಯಾಗ ಹಾಕ್ತೀನಿ," ಎಂದಳು.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಖಾನಾಪುರದಲ್ಲಿ ಊರಿನ ಪಂಚಾಯಿತಿ ಚುನಾವಣೆ ಬಂತು. ಹಿಂದವಾಡಿಯ ಚಹಾದಂಗಡಿಯಲ್ಲಿ ಎಂದಿನಂತೆ ನಾನು ಎಲ್ಲರನ್ನೂ ಕಳ್ಳರನ್ನಾಗಿ ಮಾಡಿ ಮುಗಿಸಿದಾಗ ಒಬ್ಬ ಗೆಳೆಯ, "ಮತ್ತ ನೀವ ನಿಂದರ್ರಲಾ ಸರ, ಒಬ್ಬರರೇ ಛಲೋ ಮನಷ್ಯಾ ಸಿಗ್ತಾನ," ಎಂದ. ಅವನು ಚೇಷ್ಟೆಗೆ ಹೇಳಿದ್ದು ಉಳಿದವರಿಗೆಲ್ಲ ತಿಳಿಯಿತು. ನಾನು ಒಂದು ಕಪ್ಪು ಚಹಾ ಮುಗಿಯುವವರೆಗೆ ಬೇಡ ಬೇಡ ಎಂದೆ. ಎರಡನೆಯ ಕಪ್ಪಿಗೆ ಒಪ್ಪಿಕೊಂಡೆ.

ನನ್ನ ಚಿಹ್ನೆ ಛತ್ರಿ. ಎದುರಿಗೆ ಅದೇ ಕಂತ್ರಾಟುದಾರ, ಅದೇ ಹುಸೇನಸಾಬ. ಕಾಕಾನಿಗೆ ಆಕಾಶ ಮೂರು ಗೇಣು ಉಳಿಯಿತು. ಮೊದಲ ಸಲ ತನ್ನ ಮನೆಯ ವೋಟನ್ನು ತನ್ನ ಮನೆಗೇ ಕೊಡುವ ಅವಕಾಶ. ನಾನು ಕೂತು ಒಂದು ಕರಪತ್ರ ಬರೆದೆ. ಗ್ರೀಸ್ ದೇಶದಿಂದ ಶುರುವಾಗಿ ಖಾನಾಪುರದ ಗಟಾರಿಗೆ ಬಂದು ಮುಟ್ಟುವಷ್ಟರಲ್ಲಿ ಕಾಗದ ಮುಗಿದಿತ್ತು, ಗಟಾರಿನ ವಿಷಯ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಬಂತು. ಅದನ್ನು ಯಾರು ಓದಿದರೋ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನ ಶೇಂಗಾ ಮಾರುವ ಮುದುಕ ಮಾತ್ರ ಅದರಲ್ಲೇ ಪೊಟ್ಟಣ ಕಟ್ಟಿ ನನಗೇ ಕೊಟ್ಟ.

ಪ್ರಚಾರಕ್ಕೆ ಹೊರಟವನು ಪದ್ಧತಿಯಂತೆ ನಮ್ಮ ಮನೆಗೂ ಹೋದೆ. ಹಿಂದೆ ನಾಲ್ಕಾರು ಹುಡುಗರು ಜಯಕಾರ ಹಾಕುತ್ತಿದ್ದರು. ಚಿಗವ್ವ ಬಾಗಿಲಿಗೆ ಬಂದು, ಕೈಮುಗಿದು, "ಬರ್ರಿ ಸಾಹೇಬ್ರ, ಕುಂದರ್ರಿ," ಎಂದಳು. ಜನ್ಮದಲ್ಲಿ ಮೊದಲ ಸಲ ಅವಳು ನನಗೆ 'ರೀ' ಹಚ್ಚಿದ್ದು. ಆಗಲೇ ನಾನು ಹುಷಾರಾಗಬೇಕಿತ್ತು. ನೀರು ತಂದು ಕೊಟ್ಟಳು. ಆಮೇಲೆ ಮೆಲ್ಲಗೆ, "ಮ್ಯಾಲ ಒಂದು ಹಂಚು ಸರದೈತ್ರಿ. ನೀವ ಸ್ವಲ್ಪ ಹತ್ತಿ ಸರಿ ಮಾಡ್ತೀರೇನ್ರಿ?" ಎಂದಳು.

ಪ್ರಶ್ನೆ ನನಗೆ ಗೊತ್ತಿತ್ತು. ಉತ್ತರವೂ ಗೊತ್ತಿತ್ತು. ಅವಳೇ ಹೇಳಿಕೊಟ್ಟಿದ್ದಳು. ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಹಿಂದೆ ಹುಡುಗರು ನಿಂತಿದ್ದರು, ಬಾಜು ಮನೆಯ ಹೆಂಗಸರು ಇಣುಕುತ್ತಿದ್ದರು, ಕಾಕಾ ಹೆಮ್ಮೆಯಿಂದ ಮೀಸೆ ಮುಟ್ಟಿಕೊಳ್ಳುತ್ತಿದ್ದ. "ಅದೇನು ದೊಡ್ಡ ಕೆಲಸ, ಎಲ್ಲೈತಿ ನಿಚ್ಚಣಿಕಿ?" ಎಂದುಬಿಟ್ಟೆ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕೂ ನಪಾಸಾದ ಮಾಸ್ತರ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಮೇಲೆ ಹತ್ತಿ ಎರಡು ಹೆಜ್ಜೆ ಇಟ್ಟೆ, ಮೂರನೆಯದು ಹಂಚಿನ ಒಳಗೆ ಹೋಯಿತು. ಮೊಳಕಾಲಿನವರೆಗೆ ಕಾಲು ಅಡುಗೆಮನೆಯಲ್ಲಿ, ಉಳಿದ ಅಭ್ಯರ್ಥಿ ಛಾವಣಿಯ ಮೇಲೆ. ಕೆಳಗಿಂದ ಚಿಗವ್ವನ ದನಿ ಕೇಳಿತು: "ಮಾಂತು, ಕಾಲು ತಗಿಯೋ, ಸಾರಿನ್ಯಾಗ ಮಣ್ಣು ಬೀಳಾಕತ್ತೈತಿ!" ನನ್ನ ಹೆಸರು ಮಹಾಂತೇಶ. 'ರೀ' ಹೋಗಿ 'ಮಾಂತು' ವಾಪಸು ಬಂದಿತ್ತು.

ಆ ಸಲ ನನ್ನ ಮೊದಲ ಮತವನ್ನು ನಾನೇ ನನಗೆ ಹಾಕಿಕೊಂಡೆ. ಕಂತ್ರಾಟುದಾರ ಗೆದ್ದ. ಹುಸೇನಸಾಬ ಸ್ವಲ್ಪದರಲ್ಲಿ ಸೋತ. ನನ್ನ ಠೇವಣಿ ಹೋಯಿತು. ನನಗಿಂತ ಕಾಕಾನಿಗೆ ಮುಖಭಂಗವಾಗಿತ್ತು. ಬಜಾರಿನಲ್ಲಿ ಯಾರೋ, "ಶಿವಪ್ಪಣ್ಣಾ, ನಿಮ್ಮ ಮನಿ ವೋಟರೇ ಹುಡುಗನಿಗೆ ಬಿದ್ದಾವೋ ಇಲ್ಲೋ?" ಎಂದು ಕೇಳಿದ್ದರಂತೆ. ಮನೆಗೆ ಬಂದವನೇ ಹೆಂಡತಿಯ ಮುಂದೆ ನಿಂತ.

"ಖರೇ ಹೇಳು. ಮಾಂತುಗ ಹಾಕೀಯೋ ಇಲ್ಲೋ?"

"ಪೆಟಿಗ್ಯಾಗ ಹಾಕೀನ್ರಿ."

"ಆ ಮಾತು ಬ್ಯಾಡ. ಕರಡಿಗಿ ಮುಟ್ಟಿ ಆಣಿ ಮಾಡಿ ಹೇಳು."

ನಾನು ಮೂಲೆಯಲ್ಲಿ ಕಾಲಿನ ಗಾಯಕ್ಕೆ ಅರಿಶಿಣ ಹಚ್ಚಿಕೊಳ್ಳುತ್ತ ಕುಳಿತಿದ್ದೆ. ಚಿಗವ್ವ ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಣೆ ಮಾಡುತ್ತಾಳೆಂದೇ ನಾನು ತಿಳಿದೆ.

"ಇದನ್ನ ಕಟ್ಟೂ ಮುಂದ ಮಠದ ಅಯ್ಯನವ್ರು ಏನ್ ಹೇಳಿದ್ರು? ಇದು ನಿಂದು, ಇನ್ನೊಬ್ಬರ ಕೈಯಾಗ ಕೊಡಬ್ಯಾಡ ಅಂದ್ರು. ನೀವು ಗಂಡರು ಖರೇ, ನಿಮ್ಮ ಕೈಯಾಗ ಒಂದಿನರೇ ಕೊಟ್ಟೀನೇನು? ನೀವು ಬೇಡೀರೇನು? ವೋಟೂ ಹಂಗ. ಈ ಮನಿ ನಿಮ್ಮ ಹೆಸರಲೆ ಐತಿ. ಡಿಪೋ ನಿಮ್ಮ ಹೆಸರಲೆ ಐತಿ. ನನ್ನ ಹೆಸರಿಗೂ ನಿಮ್ಮ ಹೆಸರ ಜೋಡಿಸೈತಿ. ಆ ಚೀಟಿ ಒಂದ ನಂದು. ಅದನ್ನೂ ಬೇಡಬ್ಯಾಡ್ರಿ."

ಅವಳ ದನಿ ಏರಿರಲಿಲ್ಲ. ಕಾಕಾ, "ಹಂಗಾದ್ರ ನಿನ್ನ ಕೈ ಕೂಳು ನನಗ ಬ್ಯಾಡ," ಎಂದು ಹೊರಗೆ ಹೋದ. ಅಂದಿನಿಂದ ಬಜಾರಿನ ಖಾನಾವಳಿಯಲ್ಲಿ ಊಟ. ಮನೆಗೆ ಬರುತ್ತಿದ್ದ, ಮಲಗುತ್ತಿದ್ದ, ಮಾತಿಲ್ಲ. ಚಿಗವ್ವ ದಿನಾ ಎರಡು ಹೊತ್ತು ಅವನ ತಾಟು ಹಾಕಿ ಕಾಯುತ್ತಿದ್ದಳು. ಅವನು ಬರದೆ ಇದ್ದರೆ ತಾನೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಅದು ಸುಳ್ಳಾದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹೋಗಲಿ ಬಿಡ ಚಿಗವ್ವ," ಎಂದೆ. "ಅಷ್ಟಕ್ಕೂ ಆ ಕಂತ್ರಾಟುದಾರನ ಗೆದ್ದಾನ. ನಿನ್ನ ಒಂದ ವೋಟಿನಿಂದ ಆಗಿದ್ದಾದ್ರೂ ಏನು? ಅದರ ಸಲುವಾಗಿ ಮನ್ಯಾಗ ಇಷ್ಟು ರಾಮಾಯಣ ಬೇಕೇನು?"

"ಅಂವ ಬಂದು ನನ್ನ ಮುಂದ ಕೈ ಮುಗದು ನಿಂತಿದ್ನಲ್ಲೋ, ಯಾಕ? ನಾ ಭಾಳ ಚೆಂದ ಅದೀನಂತೇನು? ನಾ ಯಾರಿಗೆ ಹಾಕ್ತೀನಿ ಅಂತ ಅವಗ ಗೊತ್ತಿಲ್ಲ. ಅದಕ್ಕ ಬಂದ, ಅದಕ್ಕ ಹಂಚು ಹತ್ತಿದ. ನೀಲವ್ವನ ವೋಟು ಅವಳ ಗಂಡನ ಕಿಸೇದಾಗ ಐತಿ ಅಂತ ಗೊತ್ತಾದ ದಿನ ಒಬ್ಬರೂ ನನ್ನ ಮಾರಿ ನೋಡಂಗಿಲ್ಲ. ನೀನೂ ನೋಡಂಗಿಲ್ಲ."

ಈ ಮಾತನ್ನು ನಾನು ಮುಂದೆ ಎಷ್ಟೋ ವರ್ಷ ಕಾಲೇಜಿನಲ್ಲಿ ಆರನೆಯ ಅಂಶವಾಗಿ ಬರೆಸಿದೆ. ಆದರೆ ಆ ಹೊತ್ತಿಗೆ ನನಗೆ ಬುದ್ಧಿ ಬರಲಿಲ್ಲ. ಗಂಡ ಹೆಂಡಿರನ್ನು ಒಂದು ಮಾಡುವ ಜಾಣತನ ಬಂತು. ಖಾನಾವಳಿಗೆ ಹೋಗಿ ಕಾಕಾನ ಕಿವಿಯಲ್ಲಿ, "ಚಿಗವ್ವ ನನಗ ಹಾಕ್ಯಾಳಂತ. ನನ್ನ ಮುಂದ ಒಬ್ಬನ ಮುಂದ ಹೇಳ್ಯಾಳ. ನೀ ಬಾಯಿ ಬಿಡಬ್ಯಾಡ," ಎಂದೆ. ಕಾಕಾನ ಮುಖ ಅರಳಿತು. ಅರ್ಧ ಉಂಡ ತಾಟು ಬಿಟ್ಟು ಎದ್ದು ಬಂದ.

ಚಿಗವ್ವ ಸಂತೋಷದಿಂದ ಬಡಿಸಿದಳು. ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಕಾಕಾ ಬಾಯಿ ಬಿಡದೆ ಇರುವ ಮನುಷ್ಯನೇ ಅಲ್ಲ. ಎರಡನೆಯ ರೊಟ್ಟಿಗೇ, "ಮೊದಲ ಹೇಳಿದ್ರ ಆಗತಿತ್ತಿಲ್ಲ, ಮಾಂತುಗ ಹಾಕೀನಿ ಅಂತ?" ಎಂದ.

ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಯಾರು ಹೇಳಿದ್ರು?"

ಕಾಕಾ ನನ್ನ ಕಡೆ ನೋಡಿದ. ನಾನು ಹಿಂಡಿಯ ಕಡೆ ನೋಡಿದೆ. ಆಗ ಚಿಗವ್ವ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಛಾವಣಿ ಮುರಿದಾಗಲೂ ಅವಳು ಹಾಗೆ ನೋಡಿರಲಿಲ್ಲ. "ನನ್ನ ವೋಟಿನ ಬಗ್ಗೆ ಮಾತಾಡಾಕ ನೀ ಯಾರೋ?" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ನಾ ಅವಗ ಏನೂ ಹೇಳಿಲ್ರಿ. ಹಾಕೀನಿ ಅಂತನೂ ಹೇಳಿಲ್ಲ, ಹಾಕಿಲ್ಲ ಅಂತನೂ ಹೇಳಿಲ್ಲ. ಸುಳ್ಳಿನ ಮ್ಯಾಲ ನಿಮಗ ಊಟಕ್ಕ ಬಡಸಂಗಿಲ್ಲ. ಇಷ್ಟು ಗೊತ್ತಿದ್ದೂ ಉಣ್ಣೂದಿದ್ರ ಉಣ್ರಿ, ಏಳೂದಿದ್ರ ಏಳ್ರಿ," ಎಂದಳು.

ಕಾಕಾನ ಕೈಯಲ್ಲಿ ಮುರಿದ ರೊಟ್ಟಿ ಇತ್ತು. ಅವನು ಬಾಗಿಲು ನೋಡಿದ, ಎಣ್ಣೆಗಾಯಿ ನೋಡಿದ. ಖಾನಾವಳಿಯ ಸಾರು ನೆನಪಾಗಿರಬೇಕು. ಅಥವಾ ಎದುರಿಗೆ ನಿಂತವಳು ಇಷ್ಟು ದಿನದಲ್ಲಿ ಎಷ್ಟು ಸೊರಗಿದ್ದಾಳೆಂದು ಆಗ ಕಂಡಿರಬೇಕು. "ಹೂಂ, ಹಾಕು," ಎಂದು ತಾಟು ಮುಂದೆ ಸರಿಸಿದ. ಆಮೇಲೆ ಅವನು ಅವಳನ್ನು ಆ ಪ್ರಶ್ನೆ ಕೇಳಲಿಲ್ಲ. ನನಗೆ ಮಾತ್ರ ತಿಂಗಳುಗಟ್ಟಲೆ ಆ ಮನೆಯಲ್ಲಿ ರೊಟ್ಟಿಯ ಜೊತೆಗೆ ಮಾತು ಸಿಗಲಿಲ್ಲ.

ಸೋತವನಿಗೆ ಸಿದ್ಧಾಂತ ಇನ್ನೂ ಗಟ್ಟಿಯಾಗುತ್ತದೆ. ಎಲ್ಲರೂ ಕಳ್ಳರು ಎನ್ನುತ್ತಿದ್ದವನು ಈಗ ಮತ ಹಾಕುವವರೂ ಮೂರ್ಖರು ಎಂದು ಸೇರಿಸಿಕೊಂಡೆ. ಮತ್ತೆ ಮತಗಟ್ಟೆಯ ಕಡೆ ಹೋಗಲಿಲ್ಲ. ಕೆಲವು ವರ್ಷ ಕಳೆದು ವಿಧಾನಸಭೆಯ ಚುನಾವಣೆ ಬಂದಾಗ ರಜೆಗೆಂದು ಖಾನಾಪುರಕ್ಕೆ ಹೋದರೆ, ಚಿಗವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು. ಆದರೂ ಇಳಕಲ್ ಸೀರೆ ಉಟ್ಟು ಕುಳಿತಿದ್ದಳು. ಜೀಪು ಬೇಡವೆಂದಳು. ಒಂದು ಕಡೆ ಕಾಕಾ, ಇನ್ನೊಂದು ಕಡೆ ನಾನು ಹಿಡಿದುಕೊಂಡು ನಡೆಸಿಕೊಂಡು ಹೋದೆವು.

ಮತಗಟ್ಟೆಯ ಅಧಿಕಾರಿ ಅವಳ ಕಣ್ಣು ನೋಡಿ, "ಅಮ್ಮಾ, ನಿಮ್ಮ ಪರವಾಗಿ ಮುದ್ರೆ ಒತ್ತಲು ಒಬ್ಬರನ್ನು ಜೊತೆಗೆ ಕರೆದುಕೊಳ್ಳಬಹುದು," ಎಂದ. ಕಾಕಾ ಆಗಲೇ ಮುಂದೆ ಬಂದಿದ್ದ. "ನಾ ಆಕಿ ಗಂಡ ಅದೀನ್ರಿ," ಎಂದ. ಇಷ್ಟು ವರ್ಷ ಮುಚ್ಚಿದ್ದ ಬಾಗಿಲು ಈಗ ತಾನಾಗಿ ತೆರೆಯುತ್ತಿತ್ತು. ಚಿಗವ್ವ ಒಂದು ಹೆಜ್ಜೆ ಹಿಂದೆ ಸರಿದಳು. ವಾಪಸು ಹೋಗಿಬಿಡುತ್ತಾಳೇನೋ ಅನಿಸಿತು.

"ಮಾಂತು ಬರ್ಲಿ," ಎಂದಳು.

"ಅಂವಾ? ಸುಳ್ಳ ಹೇಳಿದಾಂವಾ?" ಎಂದು ಕಾಕಾ ಸಾಲಿನವರಿಗೆಲ್ಲ ಕೇಳುವಂತೆ ಕೂಗಿದ.

"ಅಂವಗ ಯಾರ ಮ್ಯಾಲೂ ನಂಬಿಗಿ ಇಲ್ರಿ. ಎಲ್ಲಾರೂ ಅವಗ ಒಂದ. ನಾ ಯಾರ ಹೆಸರು ಹೇಳಿದ್ರೂ ಅವಗ ಏನೂ ಅನಿಸಂಗಿಲ್ಲ. ಇಂಥ ಕೆಲಸಕ್ಕ ಅಂಥಾಂವನ ಬೇಕು."

ಸಾಲಿನಲ್ಲಿ ನಿಂತವರು ನಕ್ಕರು. ನನ್ನ ಇಡೀ ಸಿದ್ಧಾಂತಕ್ಕೆ ಜೀವಮಾನದಲ್ಲಿ ಸಿಕ್ಕ ಒಂದೇ ಉಪಯೋಗ ಅದು. ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಬರೆದುಕೊಟ್ಟು, ಅವಳ ಕೈಹಿಡಿದು ಮರೆಗೆ ಹೋದೆ. ಅವಳು ನನ್ನ ಭುಜ ಬಗ್ಗಿಸಿ ಕಿವಿಯಲ್ಲಿ ಒಂದು ಹೆಸರು ಹೇಳಿದಳು.

ನನ್ನ ಕೈ ನಿಂತುಬಿಟ್ಟಿತು. ಅವನಿಗಾ? ಅವನು ಬೇಡ, ಅವನ ಬಾಜು ಇರುವವನು ಎಷ್ಟೋ ವಾಸಿ ಎಂದು ಒಳಗಿಂದ ಯಾರೋ ಚೀರಿದರು. ಅದು ನಾನೇ. ಎಲ್ಲರೂ ಒಂದೇ ಎಂದು ವರ್ಷಗಟ್ಟಲೆ ಚಹಾದಂಗಡಿಯ ಬೆಂಚು ಸವೆಸಿದವನು. ಅವಳಿಗೆ ಕಾಣುತ್ತಿರಲಿಲ್ಲ. ಎಲ್ಲಿ ಒತ್ತಿದರೂ ಅವಳಿಗೆ ಗೊತ್ತಾಗುವಂತಿರಲಿಲ್ಲ.

"ಯಾಕ ನಿಂತಿ?" ಎಂದಳು ಪಿಸುದನಿಯಲ್ಲಿ.

"ಚಿಗವ್ವ, ಖರೇನ ಅವಗ?"

"ನಿನ್ನ ಸಲಹಾ ಕೇಳಿಲ್ಲ. ಒತ್ತು."

ಒತ್ತಿದೆ. ಅವಳು ಹೇಳಿದಲ್ಲೇ ಒತ್ತಿದೆ. ಮಡಚಿ ಅವಳ ಕೈಯಲ್ಲಿಟ್ಟೆ, ಅವಳು ತಡಕಾಡಿ ತಾನೇ ಪೆಟ್ಟಿಗೆಗೆ ಹಾಕಿದಳು. ಹೊರಗೆ ಬಂದಮೇಲೆ ಕಟ್ಟೆಯ ಮೇಲೆ ಕುಳಿತು, "ನಿಂದು ಹಾಕಿದಿ?" ಎಂದು ಕೇಳಿದಳು. ಇಲ್ಲವೆಂದೆ. "ಹೋಗು, ನಾ ಇಲ್ಲೇ ಕುಂತಿರ್ತೀನಿ." ಹೋಗಿ ಸಾಲಿನಲ್ಲಿ ನಿಂತೆ. ಅವಳು ಹೇಳಿದವನ ಎದುರಾಳಿಗೇ ಹಾಕಿ, ಚಿಗವ್ವನ ಮತವನ್ನು ಹೊಡೆದುಹಾಕಿದೆನೆಂಬ ಗೆಲುವಿನಲ್ಲಿ ಹೊರಗೆ ಬಂದೆ. ಯಾರಿಗೆ ಹಾಕಿದೆ ಎಂದು ಅವಳು ಕೇಳಲಿಲ್ಲ. ಅವಳು ಯಾರನ್ನೂ ಹಾಗೆ ಕೇಳಿದ್ದನ್ನು ನಾನು ನೋಡಿಲ್ಲ.

ಕಣ್ಣಿನ ಆಪರೇಷನ್ನಿಗೆ ಬೆಳಗಾವಿಗೆ ಕರೆದೊಯ್ಯುವ ಮಾತು ನಡೆದಿತ್ತು. ಅಷ್ಟರಲ್ಲಿ ಒಂದು ಜ್ವರ ನೆಪವಾಗಿ ಚಿಗವ್ವ ಹೊರಟುಹೋದಳು. ಕರಡಿಗೆ ಅವಳ ಜೊತೆಗೇ ಮಣ್ಣಿಗೆ ಹೋಯಿತು. ನನಗೆ ಹೆತ್ತ ತಾಯಿ ಪಾರಿಶ್ವಾಡದಲ್ಲಿ ಇದ್ದಳು, ಆದರೂ ಅಂದು ನಾನು ತಬ್ಬಲಿಯ ಹಾಗೆ ಅತ್ತೆ.

ದಶಕದ ಕೊನೆಯ ಚುನಾವಣೆಗೆ ಪಟ್ಟಿ ಬಂದಾಗ ಅವಳ ಹೆಸರು ಅದರಲ್ಲಿ ಇನ್ನೂ ಇತ್ತು. ಒಂದು ಪಕ್ಷದ ಹುಡುಗ ಮನೆಗೆ ಬಂದು, "ಕಾಕಾ, ನೀಲವ್ವಾರ ಹೆಸರು ತಗದಿಲ್ಲ. ಯಾರನ್ನರೇ ಕಳಿಸಿ ಹಾಕಸ್ತೇವಿ. ಹೆಂಗೂ ಅವ್ರು ಯಾವಾಗ್ಲೂ ನಮಗ ಹಾಕ್ತಿದ್ರು," ಎಂದನಂತೆ.

"ನಿಮಗ ಹಾಕ್ತಿದ್ಲು ಅಂತ ನಿನಗ ಹೆಂಗ ಗೊತ್ತು?" ಎಂದು ಕಾಕಾ ಎದ್ದು ನಿಂತನಂತೆ. "ಆಕಿ ಜೋಡಿ ಜನ್ಮಪೂರ್ತಿ ಸಂಸಾರ ಮಾಡಿದ ನನಗ ಗೊತ್ತಿಲ್ಲ!" ಹುಡುಗನನ್ನು ಬಾಗಿಲಿನಿಂದ ಹೊರಗೆ ಹಾಕಿ, ನನಗೆ ತಕ್ಷಣ ಬಾ ಎಂದು ಹೇಳಿಕಳಿಸಿದ.

ಚಿಗವ್ವನ ಹೆಸರಿನಲ್ಲಿ ಯಾರೂ ಮತ ಹಾಕದಂತೆ ಕಾಯಲು ಮತಗಟ್ಟೆಯ ಒಳಗೆ ದಿನವಿಡೀ ಕೂರಬೇಕಾದರೆ ಯಾರಾದರೊಬ್ಬ ಅಭ್ಯರ್ಥಿಯ ಏಜೆಂಟ್ ಆಗಬೇಕು. ಗೆಲ್ಲುವವರಿಗೆಲ್ಲ ಏಜೆಂಟರು ಸಿಕ್ಕಿದ್ದರು. ನನಗೆ ಸಿಕ್ಕವನು ಒಬ್ಬ ಪಕ್ಷೇತರ, ನನಗಿಂತ ಉದ್ದದ ಕರಪತ್ರ ಬರೆದವನು. ಹಿಂದಿನ ವಾರವಷ್ಟೇ ಹಿಂದವಾಡಿಯಲ್ಲಿ ಅವನ ಬಗ್ಗೆ ಎಲ್ಲರನ್ನೂ ನಗಿಸಿದ್ದೆ. ಈಗ ಅವನ ಬಿಲ್ಲೆ ಎದೆಗೆ ಚುಚ್ಚಿಕೊಂಡು, ನನ್ನ ಮತವನ್ನೂ ಹಾಕಿ, ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ತಲೆತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಚೀಟಿ ಚಾಚಿದಳು. ಗುಮಾಸ್ತ ಗಟ್ಟಿಯಾಗಿ ಚಿಗವ್ವನ ಹೆಸರು ಓದಿದ. ನಾನು ಎದ್ದು ನಿಂತೆ.

"ಈಕಿ ಅಲ್ರಿ," ಎಂದೆ. "ಆಕಿ ನಮ್ಮ ಚಿಗವ್ವ. ಆಕಿ ಇಲ್ಲ ಈಗ."

ಆ ಹೆಂಗಸು ನನ್ನ ಮುಖ ನೋಡಿದಳು. ಪಾಪ, ಯಾರೋ ಕಳಿಸಿದ್ದರು. ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಸರಸರ ಹೊರಗೆ ಹೋದಳು. ಮತಗಟ್ಟೆಯ ಬಾಗಿಲು ಮುಚ್ಚುವವರೆಗೆ ನಾನು ನೀರು ಕುಡಿಯಲೂ ಏಳಲಿಲ್ಲ.

ಸಂಜೆ ಮನೆಗೆ ಬಂದು, ಚಿಗವ್ವನ ವೋಟು ಯಾರೂ ಹಾಕಲಿಲ್ಲ ಎಂದು ಹೇಳಿದಾಗ ಕಾಕಾ ತಲೆಯಾಡಿಸಿದ. ಇಬ್ಬರೂ ಉಂಡೆವು. ಕೈ ತೊಳೆದುಕೊಂಡು ಬಂದು ಅವನು ನನ್ನ ಪಕ್ಕದಲ್ಲೇ ಕುಳಿತ.

"ಮಾಂತು, ಆವತ್ತ ನೀ ಆಕಿ ಜೋಡಿ ಒಳಗ ಹೋಗಿದ್ದಿ. ಯಾರಿಗೆ ಹಾಕಿದ್ಲು, ನಿನಗ ಗೊತ್ತೈತಿ."

"ಗೊತ್ತೈತಿ, ಕಾಕಾ."

ಅವಳಿಲ್ಲ, ಆ ಚುನಾವಣೆಯೂ ಮುಗಿದು ಹೋದ ಮಾತು, ಈಗ ಹೇಳಿದರೆ ಯಾರಿಗೇನು ನಷ್ಟ? ಪಕ್ಕದಲ್ಲಿ ಕುಳಿತ ಮುದುಕನ ಮುಖ ನೋಡಿ ಹೆಸರು ನಾಲಿಗೆಯವರೆಗೂ ಬಂತು.

"ಹೇಳಂಗಿಲ್ಲ," ಎಂದೆ.

ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಬ್ಯಾಡ, ಹೇಳಬ್ಯಾಡ," ಎಂದ. "ನೀ ಹೇಳಿಬಿಟ್ಟಿದ್ರ, ಈ ಮನ್ಯಾಗ ಆಕಿದು ಅಂತ ಏನೂ ಉಳೀತಿರಲಿಲ್ಲ."